ಅನುಸರಣೆ ಮತ್ತು ಹಿತವಚನ

2020ರ ರಮಝಾನ್ ತಿಂಗಳಿನ ಒಂದು ಮಧ್ಯಾಹ್ನ. ನಮ್ಮ ಮಸೀದಿಯ ಬಾಗಿಲು ಮುಚ್ಚಿ ಆಗಲೇ ಒಂದು ತಿಂಗಳು ದಾಟಿತ್ತು. ಅಝಾನ್ ಮಾತ್ರ ಮೊಳಗುತ್ತಿತ್ತು, ಸಫ್ಫಿನಲ್ಲಿ ನಿಲ್ಲುವವರು ಇರಲಿಲ್ಲ. ಸರಕಾರಿ ಕಚೇರಿಯಿಂದ ಬರುತ್ತಿದ್ದ ಸುತ್ತೋಲೆಗಳನ್ನು ಧ್ವನಿವರ್ಧಕದಲ್ಲಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದು ಓದಿ ಮುಗಿಸಿ ಮನೆಗೆ ಮರಳುತ್ತಿದ್ದಾಗ, ಸೀಲ್‌ಡೌನ್ ಆಗಿದ್ದ ಓಣಿಯ ಅಡ್ಡಗಟ್ಟಿನ ಆಚೆಯಿಂದ ಒಬ್ಬ ತಾಯಿ ನನ್ನನ್ನು ಕರೆದು ಕೇಳಿದರು: "ಉಸ್ತಾದರೇ, ಅವರು ಹೇಳಿದ್ದನ್ನು ನೀವು ನಮಗೆ ಓದಿ ಹೇಳುತ್ತೀರಿ. ನಾವು ಹೇಳುವುದನ್ನು ಅವರಿಗೆ ಓದಿ ಹೇಳುವವರು ಯಾರು?"

ಆಗ ನಾನು ಏನೋ ಸಮಾಧಾನದ ಮಾತು ಹೇಳಿ ಮುಂದೆ ನಡೆದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟು ಹೋಗಲಿಲ್ಲ. ಓದುಗ ಬಂಧುಗಳೇ, ಆ ದಿನಗಳಲ್ಲಿ ನಮ್ಮ ನಿಮ್ಮ ನಡುವೆ ಮುಖ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತಿದ್ದವು. ಮಸೀದಿಯನ್ನು ಮುಚ್ಚುವ ಅಧಿಕಾರ ಯಾರಿಗೂ ಇಲ್ಲ, ಅಲ್ಲಾಹನೇ ಕಾಪಾಡುತ್ತಾನೆ ಎಂಬುದು ಒಂದು. ಅಧಿಕಾರದಲ್ಲಿರುವವರು ಹೇಳಿದ್ದಾರೆ, ಆದುದರಿಂದ ಪಾಲಿಸಿ ಸುಮ್ಮನಿರಬೇಕು ಎಂಬುದು ಇನ್ನೊಂದು. ಮೊದಲನೆಯದು ತಪ್ಪೆಂದು ನಮ್ಮ ಉಲಮಾ ಸಾಕಷ್ಟು ವಿವರಿಸಿದ್ದಾರೆ. ಎರಡನೆಯದನ್ನು ಮಾತ್ರ ಯಾರೂ ಪರೀಕ್ಷಿಸಲಿಲ್ಲ. ಪಾಲಿಸಬೇಕೆಂಬುದು ನಿಜ. ಆದರೆ "ಸುಮ್ಮನಿರಬೇಕು" ಎಂಬುದು ಅದರ ಜೊತೆಗೆ ಎಲ್ಲಿಂದ ಬಂದು ಸೇರಿಕೊಂಡಿತು? ಪಾಲಿಸಿದವನಿಗೆ ಮಾತಾಡುವ ಹಕ್ಕಿಲ್ಲವೇ? ಹಕ್ಕು ಮಾತ್ರವೇ, ಅಥವಾ ಅದು ಅವನ ಹೊಣೆಯೂ ಹೌದೇ?

ಈ ಪ್ರಶ್ನೆಯನ್ನು ನಮ್ಮ ದೇಶದ ಅನುಭವದಿಂದಲೇ ಬಿಡಿಸಲು ಹೊರಟರೆ ಒಂದು ತೊಡಕಿದೆ. 2020ರ ಮಾರ್ಚ್ ಕೊನೆಯಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝಿನ ಹೆಸರೆತ್ತಿ ರೋಗವನ್ನೇ ಮುಸ್ಲಿಮರ ತಲೆಗೆ ಕಟ್ಟಲಾಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗಿನ ವಿದೇಶಿ ಅತಿಥಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿರುವ ಸಂಭವವಿದೆ ಎಂಬರ್ಥದ ಮಾತುಗಳನ್ನಾಡಿತು. ಆದರೆ ಅಷ್ಟರಲ್ಲಿ ಅಂಗಡಿ, ತರಕಾರಿ ಗಾಡಿಗಳ ಮುಂದೆ ನಮ್ಮವರು ಅನುಭವಿಸಿದ ಅವಮಾನ ಮುಗಿದುಹೋಗಿತ್ತು. ಅಪವಾದದ ಹೊಗೆ ತುಂಬಿದ ಕೋಣೆಯಲ್ಲಿ ಕುಳಿತು ನೀತಿಯ ಪ್ರಶ್ನೆಯನ್ನು ಶಾಂತವಾಗಿ ಯೋಚಿಸುವುದು ಕಷ್ಟ. ಬಾಯಿ ತೆರೆದರೆ ರೋಗ ಹರಡುವವರೆಂಬ ಹೆಸರು, ಮುಚ್ಚಿದರೆ ತಪ್ಪೊಪ್ಪಿಕೊಂಡವರೆಂಬ ಹೆಸರು.

ಆದುದರಿಂದ ಈ ತೊಡಕು ಇಲ್ಲದ ಒಂದು ನಾಡಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲೊಂದಾದ ಇಂಡೋನೇಶ್ಯದಲ್ಲಿ ಮಸೀದಿಯನ್ನು ಮುಚ್ಚಿಸಿದವರೂ ಮುಸ್ಲಿಮರು, ಮುಚ್ಚಿದವರೂ ಮುಸ್ಲಿಮರು. ಅಲ್ಲಿ ಧರ್ಮದ ಹೆಸರಿನ ಹಗೆ ನಡುವೆ ಇರಲಿಲ್ಲ. ಹೀಗಾಗಿ ಸರಕಾರಕ್ಕೂ ಧಾರ್ಮಿಕ ಸಂಘಟನೆಗೂ ಇರಬೇಕಾದ ಸಂಬಂಧ ಎಂಥದು ಎಂಬ ಪ್ರಶ್ನೆ ಅಲ್ಲಿ ತನ್ನ ನಿಜರೂಪದಲ್ಲಿ ಕಾಣಿಸುತ್ತದೆ.

ಆ ನಾಡಿನಲ್ಲಿ ಎರಡು ಬೃಹತ್ ಸಂಘಟನೆಗಳಿವೆ. 1912ರಲ್ಲಿ ಯೋಗ್ಯಕರ್ತ ನಗರದಲ್ಲಿ ಅಹ್ಮದ್ ದಹ್ಲಾನ್ ಎಂಬ ವಿದ್ವಾಂಸರು ಸ್ಥಾಪಿಸಿದ ಮುಹಮ್ಮದಿಯಾ ಒಂದು. 1926ರಲ್ಲಿ ಸುರಬಾಯದಲ್ಲಿ ಹಾಶಿಮ್ ಅಶ್‌ಅರಿ ಮೊದಲಾದ ಉಲಮಾ ಸೇರಿ ಕಟ್ಟಿದ ನಹ್ದತುಲ್ ಉಲಮಾ ಇನ್ನೊಂದು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿಈ ಮದ್‌ಹಬನ್ನೇ ನಹ್ದತುಲ್ ಉಲಮಾದವರು ಅನುಸರಿಸುತ್ತಾರೆ. ಅವರ ಹಳ್ಳಿಯ ಮದ್ರಸಗಳಲ್ಲಿ ಓದುವ ಕಿತಾಬುಗಳ ಹೆಸರು ಕೇಳಿದರೆ ನಮ್ಮ ದರ್ಸಿನ ವಿದ್ಯಾರ್ಥಿಗಳಿಗೆ ತಮ್ಮ ಮನೆಯ ಮಾತೇ ಅನಿಸೀತು. ಮುಹಮ್ಮದಿಯಾದವರು ಸುಧಾರಣಾವಾದಿಗಳು, ಶಾಲೆ, ಆಸ್ಪತ್ರೆಗಳೇ ಅವರ ಗುರುತು. ಅಹ್ಮದ್ ದಹ್ಲಾನರ ಬಗ್ಗೆ ಅಲ್ಲಿ ಪ್ರತಿ ಮಗುವಿಗೂ ಗೊತ್ತಿರುವ ಒಂದು ಪ್ರಸಂಗವಿದೆ. ಅವರು ಶಿಷ್ಯರಿಗೆ ದಿನವೂ ಅಲ್‌ಮಾಊನ್ ಸೂರಾವನ್ನೇ ಪಾಠ ಮಾಡುತ್ತಿದ್ದರಂತೆ. ಬೇಸತ್ತ ಶಿಷ್ಯರು ಅದು ತಮಗೆ ಬಾಯಿಪಾಠವಾಗಿದೆ ಎಂದಾಗ, ಅದರಲ್ಲಿ ಹೇಳಿದ ಅನಾಥನನ್ನೂ ಬಡವನನ್ನೂ ಹುಡುಕಿ ಕರೆತಂದು ಉಣಿಸಿದ ಮೇಲೆ ಮುಂದಿನ ಪಾಠ ಎಂದು ಕಳುಹಿಸಿದರಂತೆ. 1923ರಲ್ಲಿ ಯೋಗ್ಯಕರ್ತದಲ್ಲಿ ಅವರು ತೆರೆದ ಚಿಕಿತ್ಸಾಲಯದ ಬೀಜದಿಂದ ಇಂದು ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಬೆಳೆದಿವೆ. ರೋಗ ಬಂದಾಗ ಈ ಹಿನ್ನೆಲೆ ಎಷ್ಟು ಮುಖ್ಯವಾಯಿತೆಂಬುದು ಮುಂದೆ ತಿಳಿಯುತ್ತದೆ.

2020ರ ಆರಂಭದ ಎರಡು ತಿಂಗಳು ಅಲ್ಲಿನ ಸರಕಾರ ರೋಗವನ್ನು ಹಗುರವಾಗಿ ಕಂಡಿತು. ನಾಡಿನಲ್ಲಿ ಇನ್ನೂ ರೋಗಿಗಳು ಕಂಡುಬಾರದಿರುವುದು ಪ್ರಾರ್ಥನೆಯ ಫಲವೆಂದು ಆರೋಗ್ಯ ಮಂತ್ರಿಗಳೇ ಹೇಳಿದ್ದರು. ಅವರು ಮೌಲವಿಯಲ್ಲ, ಸೇನೆಯಲ್ಲಿದ್ದ ವೈದ್ಯರು! ಫೆಬ್ರವರಿಯಲ್ಲಿ ಪ್ರವಾಸಿಗಳನ್ನು ಸೆಳೆಯಲು ವಿಮಾನ ಪ್ರಯಾಣಕ್ಕೆ ರಿಯಾಯಿತಿ ಕೊಡುವ ಯೋಜನೆಯೂ ಹೊರಬಿತ್ತು. ಮಾರ್ಚ್ 2ರಂದು ಅಧ್ಯಕ್ಷ ಜೋಕೊ ವಿಡೋಡೊ ಮೊದಲ ರೋಗಿಗಳ ಸುದ್ದಿಯನ್ನು ಪ್ರಕಟಿಸಿದರು. ಮೂರೇ ದಿನಗಳಲ್ಲಿ, ಮಾರ್ಚ್ 5ರಂದು, ಮುಹಮ್ಮದಿಯಾ ತನ್ನದೇ ಆದ ಕೊರೋನ ನಿಯಂತ್ರಣ ಕೇಂದ್ರವನ್ನು ಸ್ಥಾಪಿಸಿ ತನ್ನ ಆಸ್ಪತ್ರೆಗಳನ್ನು ಸಜ್ಜುಗೊಳಿಸತೊಡಗಿತು. ಮಾರ್ಚ್ 16ರಂದು ಇಂಡೋನೇಶ್ಯದ ಉಲಮಾ ಮಂಡಲಿಯು ಫತ್ವಾ ಹೊರಡಿಸಿತು. ಈ ಮಂಡಲಿಯಲ್ಲಿ ಎರಡೂ ಸಂಘಟನೆಗಳ ವಿದ್ವಾಂಸರಿದ್ದಾರೆ. ಸೋಂಕಿತನು ಜುಮಾಕ್ಕೆ ಬರಕೂಡದು, ಅವನು ಮನೆಯಲ್ಲಿ ಝುಹ್ರ್ ನಿರ್ವಹಿಸಬೇಕು, ರೋಗ ಹತೋಟಿ ತಪ್ಪಿದ ಪ್ರದೇಶದಲ್ಲಿ ಪರಿಸ್ಥಿತಿ ತಿಳಿಯಾಗುವವರೆಗೆ ಜುಮಾ ನಡೆಸಕೂಡದು ಎಂಬುದು ಅದರ ಸಾರ. ಜನಸಂಚಾರವನ್ನು ವ್ಯಾಪಕವಾಗಿ ನಿರ್ಬಂಧಿಸುವ ಸರಕಾರಿ ನಿಯಮ ಹೊರಬಂದದ್ದು ಮಾರ್ಚ್ 31ರಂದು.

ಈ ದಿನಾಂಕಗಳನ್ನು ನಿಧಾನವಾಗಿ ಓದಿರೆಂದು ಕೇಳಿಕೊಳ್ಳುತ್ತೇನೆ. ಸರಕಾರ ಮುಚ್ಚಿರೆಂದು ಆಜ್ಞಾಪಿಸುವ ಹದಿನೈದು ದಿನಗಳ ಮೊದಲೇ ಉಲಮಾ ಮುಚ್ಚಿರೆಂದು ಹೇಳಿಯಾಗಿತ್ತು. ಅಂದರೆ ಅವರು ಪಾಲಿಸಿದ್ದು ಸರಕಾರದ ಆಜ್ಞೆಯನ್ನಲ್ಲ. ಜೀವರಕ್ಷಣೆ ಶರೀಅತ್ತಿನ ಮೂಲ ಉದ್ದೇಶಗಳಲ್ಲೊಂದು ಎಂಬ ತತ್ವವನ್ನು ಅವರು ಪಾಲಿಸಿದ್ದರು. ಸರಕಾರದ ಆಜ್ಞೆ ನಂತರ ಬಂದು ಅದಕ್ಕೆ ಹೊಂದಿಕೊಂಡಿತು, ಅಷ್ಟೆ. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಎರಡರಲ್ಲೂ ಮಸೀದಿಯ ಬಾಗಿಲು ಮುಚ್ಚಿರುತ್ತದೆ. ಆದರೆ ಒಬ್ಬನು ಬೇರೆಯವರ ಭಯದಿಂದ ಬಾಗಿಲು ಹಾಕಿದ್ದಾನೆ, ಇನ್ನೊಬ್ಬನು ಅಲ್ಲಾಹನ ಭಯದಿಂದ. ಮುಂದೆ ಮಾತಾಡಬೇಕಾದ ದಿನ ಬಂದಾಗ ಈ ವ್ಯತ್ಯಾಸ ಹೊರಬೀಳುತ್ತದೆ.

ಇಲ್ಲಿ ಹಝ್ರತ್ ಉಮರ್(ರ)ರ ಸರ್ಗ್ ಪ್ರಸಂಗವನ್ನು ನೆನಪಿಸಿಕೊಳ್ಳದೆ ಮುಂದೆ ಹೋಗಲಾರೆ. ಕೊರೋನ ಕಾಲದಲ್ಲಿ ಈ ಘಟನೆಯನ್ನು ನಾವೆಲ್ಲ ಎಷ್ಟು ಬಾರಿ ಕೇಳಿದ್ದೇವೆ! ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದರ ವರದಿಯಿದೆ. ಆದರೆ ಅರ್ಧವನ್ನಷ್ಟೇ ಕೇಳಿದ್ದೇವೆ ಎಂದು ನನ್ನ ಭಾವನೆ. ಉಮರ್(ರ) ಸಿರಿಯಕ್ಕೆ ಹೊರಟಿದ್ದಾಗ ಸರ್ಗ್ ಎಂಬಲ್ಲಿ, ಮುಂದೆ ಪ್ಲೇಗು ಹಬ್ಬಿದೆ ಎಂಬ ಸುದ್ದಿ ಬಂತು. ಅವರು ತಕ್ಷಣ ಆಜ್ಞೆ ಹೊರಡಿಸಲಿಲ್ಲ. ಮೊದಲು ಮುಹಾಜಿರರನ್ನು ಕರೆದು ಕೇಳಿದರು, ಅವರಲ್ಲಿ ಒಮ್ಮತವಿರಲಿಲ್ಲ. ಅನ್ಸಾರರನ್ನು ಕೇಳಿದರು, ಅವರಲ್ಲೂ ಇರಲಿಲ್ಲ. ಬಳಿಕ ಕುರೈಶರ ಹಿರಿಯರನ್ನು ಕೇಳಿದರು, ಅವರು ಒಂದೇ ದನಿಯಲ್ಲಿ ಮರಳುವುದು ಮೇಲು ಎಂದರು. ಮರಳುವ ತೀರ್ಮಾನ ಪ್ರಕಟವಾದಾಗ ಸೇನಾಧಿಪತಿ ಅಬೂ ಉಬೈದಾ(ರ) ಎದ್ದುನಿಂತು, ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಖಲೀಫರನ್ನೇ ಪ್ರಶ್ನಿಸಿದರು. ಉಮರ್(ರ) ಅವರ ಬಾಯಿ ಮುಚ್ಚಿಸಲಿಲ್ಲ. ಈ ಮಾತು ನಿಮ್ಮಿಂದ ಬರಬಾರದಿತ್ತು ಎಂದು ನೊಂದುಕೊಂಡು, ಇದು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುವುದು ಎಂದು ವಿವರಿಸಿದರು. ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು ಇರುವ ಕಣಿವೆಯಲ್ಲಿ ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಉದಾಹರಣೆ ಕೊಟ್ಟರು. ಆಮೇಲೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ರೋಗ ಹರಡಿದ ನಾಡಿಗೆ ಹೋಗಬೇಡಿ, ನೀವಿರುವಲ್ಲಿ ಹರಡಿದರೆ ಅಲ್ಲಿಂದ ಓಡಬೇಡಿ ಎಂಬರ್ಥದ ಪ್ರವಾದಿ(ಸ)ವರ್ಯರ ಹದೀಸನ್ನು ತಿಳಿಸಿದರು.

ನಮ್ಮ ಭಾಷಣಗಳಲ್ಲಿ ಈ ಹದೀಸಿಗೆ ಮಾತ್ರ ಸ್ಥಾನ ಸಿಕ್ಕಿತು. ಖಲೀಫರು ಮೂರು ಗುಂಪುಗಳೊಡನೆ ಸಮಾಲೋಚಿಸಿದ್ದು, ಸೇನಾಧಿಪತಿ ಎಲ್ಲರೆದುರು ಆಕ್ಷೇಪವೆತ್ತಿದ್ದು, ಖಲೀಫರು ಅದಕ್ಕೆ ಕಾರಣ ಸಹಿತ ಉತ್ತರ ಕೊಟ್ಟದ್ದು, ಇವೆಲ್ಲ ಅದೇ ವರದಿಯ ಭಾಗವಲ್ಲವೇ? ಪ್ರಶ್ನಿಸಿದ ಅಬೂ ಉಬೈದಾ(ರ) ಆಜ್ಞೆಯನ್ನು ಮುರಿಯಲಿಲ್ಲ. ಆಜ್ಞೆಯಿತ್ತ ಉಮರ್(ರ) ಪ್ರಶ್ನೆಯನ್ನು ದ್ರೋಹವೆಂದು ತಿಳಿಯಲಿಲ್ಲ. ಅಧಿಕಾರವುಳ್ಳವರನ್ನು ಅನುಸರಿಸಿರಿ ಎಂದು ಹೇಳುವ ಅನ್ನಿಸಾ ಅಧ್ಯಾಯದ 59ನೆಯ ಸೂಕ್ತವೂ ಅಲ್ಲಿಗೇ ನಿಲ್ಲುವುದಿಲ್ಲ. ಭಿನ್ನಾಭಿಪ್ರಾಯ ಬಂದರೆ ಅದನ್ನು ಅಲ್ಲಾಹ್ ಮತ್ತು ಸಂದೇಶವಾಹಕರ ಕಡೆಗೆ ಮರಳಿಸಿರಿ ಎಂದೂ ಹೇಳುತ್ತದೆ. ಭಿನ್ನಾಭಿಪ್ರಾಯ ಬರುವುದೇ ಇಲ್ಲವೆಂದಾಗಿದ್ದರೆ ಆ ಮಾತಿನ ಅಗತ್ಯವೇ ಇರಲಿಲ್ಲ. ಅನುಯಾಯಿಗಳಿಗೆ ಬೆಂಕಿಗೆ ಹಾರಿರೆಂದು ಆಜ್ಞಾಪಿಸಿದ ದಳಪತಿಯೊಬ್ಬನ ಪ್ರಸಂಗದಲ್ಲಿ ಪ್ರವಾದಿ(ಸ)ವರ್ಯರು ಅನುಸರಣೆಯು ಒಳಿತಿನಲ್ಲಿ ಮಾತ್ರ ಎಂದು ಸ್ಪಷ್ಟಪಡಿಸಿದ್ದನ್ನು ಅಲೀ(ರ) ವರದಿ ಮಾಡಿದ್ದಾರೆ.

ಮರಳಿ ಇಂಡೋನೇಶ್ಯಕ್ಕೆ ಬರೋಣ. 2020ರ ರಮಝಾನಿಗೆ ಮುನ್ನವೇ ತರಾವೀಹನ್ನು ಮನೆಯಲ್ಲೇ ನಿರ್ವಹಿಸಿರೆಂದು ಎರಡೂ ಸಂಘಟನೆಗಳು ತಿಳಿಸಿದವು. ಈದ್‌ಗೆ ಲಕ್ಷಾಂತರ ಜನ ನಗರಗಳಿಂದ ಹುಟ್ಟೂರಿಗೆ ಹೋಗುವ ಪದ್ಧತಿ ಅಲ್ಲಿದೆ. ಅದನ್ನು 'ಮುದಿಕ್' ಎನ್ನುತ್ತಾರೆ. ಆ ವರ್ಷ ಊರಿಗೆ ಹೋಗಬೇಡಿರೆಂದು ಉಲಮಾ ಹೇಳಿದರು. ಸರಕಾರ ಮಾತ್ರ ಒಮ್ಮೆ ಬಿಡುತ್ತೇನೆಂದೂ ಒಮ್ಮೆ ತಡೆಯುತ್ತೇನೆಂದೂ ಹೇಳುತ್ತಾ, ಕೊನೆಗೆ ಏಪ್ರಿಲ್ 24ರಿಂದ ನಿಷೇಧ ಜಾರಿಗೆ ತಂದಿತು. ಅಷ್ಟರಲ್ಲಿ ಬಹಳ ಮಂದಿ ಹೊರಟುಹೋಗಿದ್ದರು. ಅವರು ಹೋದದ್ದು ಮುದಿಕ್‌ಗೆ ಅಲ್ಲ, ಬರೇ ಊರಿಗೆ ಮರಳಿದ್ದು, ಎರಡೂ ಬೇರೆ ಬೇರೆ ಎಂದು ಅಧ್ಯಕ್ಷರು ಟಿ.ವಿ. ಸಂದರ್ಶನದಲ್ಲಿ ವಿವರಿಸಿದಾಗ ನಾಡೇ ನಕ್ಕಿತು. ಮೇ ತಿಂಗಳಲ್ಲಿ ವಿಮಾನ ನಿಲ್ದಾಣಗಳಲ್ಲೂ ಮಾರುಕಟ್ಟೆಗಳಲ್ಲೂ ಜನ ಕಿಕ್ಕಿರಿದರು. ಮಸೀದಿಗೆ ಮಾತ್ರ ಬೀಗ. ಆಗ ಉಲಮಾ ಮಂಡಲಿಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಅನ್ವರ್ ಅಬ್ಬಾಸ್, ಮಸೀದಿಯ ವಿಷಯದಲ್ಲಿ ಕಟ್ಟುನಿಟ್ಟಾಗಿರುವ ಸರಕಾರ ವಿಮಾನ ನಿಲ್ದಾಣದ ವಿಷಯದಲ್ಲಿ ಏಕೆ ಹಾಗಿಲ್ಲ ಎಂದು ಬಹಿರಂಗವಾಗಿ ಕೇಳಿದರು. ಅವರ ವಾದವನ್ನು ಗಮನಿಸಿರಿ. ಅವರು ಮಸೀದಿಯನ್ನು ತೆರೆಯಿರಿ ಎನ್ನುವುದಕ್ಕಿಂತ ಹೆಚ್ಚಾಗಿ, ನಮ್ಮಿಂದ ಬೇಡಿದ್ದನ್ನು ವ್ಯಾಪಾರಿಯಿಂದಲೂ ಬೇಡಿರಿ ಎನ್ನುತ್ತಿದ್ದರು. ನಿಯಮ ಎಲ್ಲರ ಮೇಲೂ ಒಂದೇ ಆಗಿರದಿದ್ದರೆ ಅದು ನಿಯಮವಾಗಿ ಉಳಿಯುವುದಿಲ್ಲ. ಅದು ಬಡವನಿಗೆ ಹಾಕಿದ ಬೇಲಿಯಾಗುತ್ತದೆ.

ಆದರೆ ನಿಜವಾದ ಪರೀಕ್ಷೆ ಬಂದದ್ದು ಸೆಪ್ಟೆಂಬರಿನಲ್ಲಿ. ಆ ವರ್ಷ 270 ಪ್ರದೇಶಗಳಲ್ಲಿ ರಾಜ್ಯಪಾಲರು, ಜಿಲ್ಲಾ ಮುಖ್ಯಸ್ಥರು, ನಗರಾಧ್ಯಕ್ಷರ ಚುನಾವಣೆ ನಡೆಯಬೇಕಿತ್ತು. ಮತದಾರರ ಸಂಖ್ಯೆ ಸುಮಾರು 10 ಕೋಟಿ. ಸೆಪ್ಟೆಂಬರಿನಿಂದ ಅದನ್ನು ಡಿಸೆಂಬರ್ 9ಕ್ಕೆ ಮುಂದೂಡಲಾಗಿತ್ತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಅಭ್ಯರ್ಥಿಗಳು ನಾಮಪತ್ರ ಸಲ್ಲಿಸಲು ಮೆರವಣಿಗೆಯಲ್ಲಿ ಬಂದರು. ಹತ್ತಾರು ಅಭ್ಯರ್ಥಿಗಳಿಗೇ ಸೋಂಕು ತಗಲಿತ್ತು. ಚುನಾವಣಾ ಆಯೋಗದ ಅಧ್ಯಕ್ಷರಿಗೂ ತಗಲಿತು. ಆಗ ದೇಶದಲ್ಲಿ ಸೋಂಕಿತರ ಸಂಖ್ಯೆ ಎರಡೂವರೆ ಲಕ್ಷವನ್ನು ಸಮೀಪಿಸಿತ್ತು, ಸತ್ತವರು 9 ಸಾವಿರ ದಾಟಿದ್ದರು. ಸೆಪ್ಟೆಂಬರ್ 20ರಂದು ಸಈದ್ ಅಕೀಲ್ ಸಿರಾಜ್ ಅವರ ನೇತೃತ್ವದ ನಹ್ದತುಲ್ ಉಲಮಾ, ಚುನಾವಣೆಯನ್ನು ಮುಂದೂಡಿರಿ, ಅದರ ಹಣವನ್ನು ರೋಗ ನಿವಾರಣೆಗೂ ಜನರ ಹೊಟ್ಟೆಗೂ ಬಳಸಿರಿ ಎಂದು ಕೇಳಿಕೊಂಡಿತು. ಮರುದಿನ ಹೈದರ್ ನಾಶಿರ್ ಅವರ ನೇತೃತ್ವದ ಮುಹಮ್ಮದಿಯಾ ಕೂಡ ಮುಂದೂಡುವ ಬಗ್ಗೆ ಆಲೋಚಿಸಿರಿ ಎಂದಿತು. ಫಿಕ್ಹ್‌ನ ಎಷ್ಟೋ ವಿಷಯಗಳಲ್ಲಿ ನೂರು ವರ್ಷಗಳಿಂದ ಭಿನ್ನವಾಗಿರುವ, ಅನೇಕ ವರ್ಷ ಈದ್ ದಿನವನ್ನೇ ಬೇರೆ ಬೇರೆ ಆಚರಿಸಿದ ಎರಡು ಸಂಘಟನೆಗಳು ಒಂದೇ ಮಾತನ್ನು ಹೇಳಿದವು.

ಸೆಪ್ಟೆಂಬರ್ 21ರಂದೇ ಸರಕಾರ, ಸಂಸತ್ತಿನ ಸಮಿತಿ ಮತ್ತು ಚುನಾವಣಾ ಆಯೋಗ ಸೇರಿ ಚುನಾವಣೆ ಡಿಸೆಂಬರ್ 9ಕ್ಕೇ ನಡೆಯುತ್ತದೆ ಎಂದು ತೀರ್ಮಾನಿಸಿದವು. ರೋಗ ಎಂದು ಮುಗಿಯುತ್ತದೆಂದು ಯಾರಿಗೂ ತಿಳಿದಿಲ್ಲ, ಜನರ ಮತದಾನದ ಹಕ್ಕನ್ನು ಅಷ್ಟು ಕಾಲ ತಡೆಹಿಡಿಯಲಾಗದು ಎಂಬುದು ಸರಕಾರದ ವಾದವಾಗಿತ್ತು. ಈ ವಾದದಲ್ಲಿ ಹುರುಳಿಲ್ಲವೆಂದು ಹೇಳುವುದು ನ್ಯಾಯವಲ್ಲ. ಚುನಾವಣೆಯನ್ನು ಕೊನೆಯಿಲ್ಲದೆ ಮುಂದೂಡುವ ಸರಕಾರಗಳನ್ನೂ ಜಗತ್ತು ಕಂಡಿದೆ. ಆದರೆ ಸೋಲೋ ನಗರದಲ್ಲಿ ಅಧ್ಯಕ್ಷರ ಮಗ, ಮೇದಾನ್ ನಗರದಲ್ಲಿ ಅಧ್ಯಕ್ಷರ ಅಳಿಯ ಕಣದಲ್ಲಿದ್ದರು, ಇಬ್ಬರೂ ಗೆದ್ದರು ಎಂಬುದನ್ನು ಸೇರಿಸಿ ಓದಿದಾಗ ಆ ವಾದದ ತೂಕ ಸ್ವಲ್ಪ ಕಡಿಮೆಯಾಗುತ್ತದೆ.

ಬಂಧುಗಳೇ, ನನ್ನ ಪ್ರಶ್ನೆ ಇರುವುದು ಇಲ್ಲಿಯೇ. ತಮ್ಮ ಜುಮಾವನ್ನು, ತರಾವೀಹನ್ನು, ಈದ್‌ಗಾಹನ್ನು ಬಿಟ್ಟುಕೊಟ್ಟವರು, ಈಗ ನಿಮ್ಮ ಚುನಾವಣೆಯನ್ನು ಕೆಲವು ತಿಂಗಳು ಬಿಟ್ಟುಕೊಡಿ ಎಂದರು. ಅಲ್ಲಾಹನ ಹಕ್ಕಿನಲ್ಲೇ ರಿಯಾಯಿತಿ ಇದೆಯೆಂದು ಜನರಿಗೆ ಬೋಧಿಸಿದವರಿಗೆ ರಾಜಕಾರಣಿಯ ಹಕ್ಕಿನಲ್ಲಿ ರಿಯಾಯಿತಿ ಸಿಗಲಿಲ್ಲ. ಇನ್ನು ಅವರು ಏನು ಮಾಡಬೇಕಿತ್ತು? ಮತದಾನವನ್ನು ಬಹಿಷ್ಕರಿಸಬೇಕಿತ್ತೇ? ನಿಮ್ಮ ಮಾತನ್ನು ನಾವು ಕೇಳಿದೆವು, ನಮ್ಮ ಮಾತನ್ನು ನೀವು ಕೇಳಲಿಲ್ಲ, ಇನ್ನು ಮಸೀದಿಗಳನ್ನು ತೆರೆಯುತ್ತೇವೆ ಎನ್ನಬೇಕಿತ್ತೇ?

ಅವರು ಎರಡನ್ನೂ ಮಾಡಲಿಲ್ಲ. ಅಕ್ಟೋಬರ್ 5ರಂದು ಉದ್ಯೋಗ ಸೃಷ್ಟಿಯ ಹೆಸರಿನಲ್ಲಿ ಒಂದು ಬೃಹತ್ ಕಾನೂನನ್ನು ರೋಗದ ನಡುವೆಯೇ ಅಂಗೀಕರಿಸಿದಾಗ ಅದನ್ನೂ ಟೀಕಿಸಿದರು. ಆದರೆ ಮುಹಮ್ಮದಿಯಾದ ಆಸ್ಪತ್ರೆಗಳು ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ, ಸ್ವಯಂಸೇವಕರು ಮಯ್ಯಿತ್ ಹೊರುವುದನ್ನು ನಿಲ್ಲಿಸಲಿಲ್ಲ. ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ನೂರಕ್ಕೆ 76ರಷ್ಟು ಮಂದಿ ಮತ ಹಾಕಿದರು. ಇದನ್ನು ಸೋಲು ಎನ್ನುವವರಿದ್ದಾರೆ. ನಾನೂ ಕೆಲವು ಕಾಲ ಹಾಗೆಯೇ ಭಾವಿಸಿದ್ದೆ. ಕೇಳದವನ ಮುಂದೆ ಆಡಿದ ಮಾತು ಬರೇ ಸದ್ದಲ್ಲವೇ? ಆದರೆ ಅವರ ಬಾಗಿಲು ಮುಚ್ಚಿದ್ದು ಸರಕಾರದೊಡನೆ ಮಾಡಿಕೊಂಡ ವ್ಯಾಪಾರವಾಗಿರಲಿಲ್ಲ. ಆದುದರಿಂದ ಎದುರಿನವನು ಬೆಲೆ ಕೊಡಲಿಲ್ಲವೆಂದು ಅದನ್ನು ಹಿಂದಕ್ಕೆ ಪಡೆಯುವ ಪ್ರಶ್ನೆಯೂ ಇರಲಿಲ್ಲ. ಹಿತವಚನಕ್ಕೂ ಅದೇ ನ್ಯಾಯ. ಧರ್ಮವೆಂದರೆ ಹಿತಚಿಂತನೆ ಎಂದ ಪ್ರವಾದಿ(ಸ)ವರ್ಯರು ಅದು ನಾಯಕರಿಗೂ ಜನಸಾಮಾನ್ಯರಿಗೂ ಸಲ್ಲಬೇಕೆಂದಿದ್ದಾರೆ. ಫಿರ್‌ಔನನ ಬಳಿಗೆ ಕಳುಹಿಸಿದಾಗಲೂ ಮೂಸಾ(ಅ)ರಿಗೆ ಮೃದುವಾಗಿ ಮಾತಾಡಲು ಆದೇಶವಾಯಿತು. ಅವನು ಕೇಳುತ್ತಾನೆಂಬ ಭರವಸೆಯ ಮೇಲೆ ಆ ಆದೇಶ ನಿಂತಿರಲಿಲ್ಲ.

ಹಾಗಿದ್ದರೂ ನನ್ನ ಮನಸ್ಸು ಪೂರ್ಣವಾಗಿ ಒಪ್ಪಿಲ್ಲ. ಒಂದು ಹೇಳಿಕೆ, ಒಂದು ಪತ್ರಿಕಾಗೋಷ್ಠಿ, ಅಲ್ಲಿಗೆ ಕರ್ತವ್ಯ ಮುಗಿಯಿತೇ? ಕೋಟಿಗಟ್ಟಲೆ ಅನುಯಾಯಿಗಳಿರುವ ಸಂಘಟನೆ ಇನ್ನೂ ಗಟ್ಟಿಯಾಗಿ ಕೇಳಬಹುದಿತ್ತೇನೋ. ಅವರ ದನಿ ಏಕೆ ಅಷ್ಟಕ್ಕೇ ನಿಂತಿತೆಂಬುದಕ್ಕೆ ಒಂದು ಕಾರಣ ಎಲ್ಲರಿಗೂ ಕಾಣುವಂತಿತ್ತು. ನಹ್ದತುಲ್ ಉಲಮಾದ ಅತ್ಯುಚ್ಚ ಸ್ಥಾನದಲ್ಲಿದ್ದ, ಉಲಮಾ ಮಂಡಲಿಯ ಮುಖ್ಯಸ್ಥರೂ ಆಗಿದ್ದ ಮಅರೂಫ್ ಅಮೀನ್ ಅವರೇ ಆಗ ದೇಶದ ಉಪಾಧ್ಯಕ್ಷರು. ಇದರಿಂದ ಒಳಿತೂ ಆಯಿತು. ರಕ್ಷಾ ಉಡುಪನ್ನು ಗಂಟೆಗಟ್ಟಲೆ ಕಳಚಲಾಗದ ವೈದ್ಯರು, ದಾದಿಯರು ನಮಾಝ್ ಹೇಗೆ ನಿರ್ವಹಿಸಬೇಕು, ಸೋಂಕಿನಿಂದ ತೀರಿಕೊಂಡವರ ಮಯ್ಯಿತ್ ಸಂಸ್ಕಾರ ಹೇಗೆ ಎಂಬ ಬಗ್ಗೆ ಫತ್ವಾ ಕೊಡಿರೆಂದು ಮಾರ್ಚ್ ತಿಂಗಳಲ್ಲೇ ಕೇಳಿಕೊಂಡವರು ಅವರು. ಕೆಲವೇ ದಿನಗಳಲ್ಲಿ ಫತ್ವಾಗಳು ಬಂದವು: ಎರಡು ಹೊತ್ತಿನ ನಮಾಝನ್ನು ಜಮಾ ಮಾಡಬಹುದು, ವುಝೂ ತಯಮ್ಮುಮ್ ಎರಡೂ ಅಸಾಧ್ಯವಾದರೆ ಇದ್ದ ಸ್ಥಿತಿಯಲ್ಲೇ ನಮಾಝ್ ನಿರ್ವಹಿಸಬಹುದು. ಓದಿದಾಗ ನನ್ನ ಕಣ್ಣು ತುಂಬಿತ್ತು. ಆ ದಾದಿಯರ ಕಷ್ಟವನ್ನು ಯಾರೋ ಅಷ್ಟು ಹತ್ತಿರದಿಂದ ಕಂಡಿದ್ದರು. ಆದರೆ ಆಲಿಮರು ಅಧಿಕಾರದ ಕುರ್ಚಿಯಲ್ಲಿ ಕುಳಿತ ಮೇಲೆ ಅದೇ ಕುರ್ಚಿಯ ಎದುರು ನಿಂತು ಮಾತಾಡುವವರಿಗೆ ಸಂಕೋಚವಾಗುವುದು ಸಹಜ. ಇದು ಅವರೊಬ್ಬರ ದೋಷವೆಂದು ನಾನು ಹೇಳುತ್ತಿಲ್ಲ.

ಲಸಿಕೆಯ ವಿಷಯ ಬಂದಾಗ ಮಾತ್ರ ಆ ಸಂಕೋಚ ಕಾಣಲಿಲ್ಲ. ಸ್ವಲ್ಪ ಹಿಂದಿನಿಂದ ಹೇಳಬೇಕು. 2018ರಲ್ಲಿ ಮಕ್ಕಳ ದಡಾರ ಮತ್ತು ರುಬೆಲ್ಲಾ ಲಸಿಕೆಯ ಬಗ್ಗೆ (ಅದು ನಮ್ಮ ಪುಣೆಯ ಸೀರಮ್ ಸಂಸ್ಥೆಯಿಂದ ಹೋದದ್ದು) ಉಲಮಾ ಮಂಡಲಿಯು, ತಯಾರಿಕೆಯಲ್ಲಿ ಹಂದಿಯ ಅಂಶ ಬಳಕೆಯಾಗಿರುವುದರಿಂದ ಹರಾಮ್, ಆದರೆ ಅನಿವಾರ್ಯತೆಯ ಕಾರಣ ಸದ್ಯಕ್ಕೆ ಬಳಕೆಗೆ ಅನುಮತಿಯಿದೆ ಎಂದು ಫತ್ವಾ ಕೊಟ್ಟಿತ್ತು. ಜನರು ಮೊದಲರ್ಧವನ್ನು ಕೇಳಿಸಿಕೊಂಡರು, ಎರಡನೆಯ ಅರ್ಧವನ್ನು ಬಿಟ್ಟರು. ಜಾವಾದ ಹೊರಗಿನ ದ್ವೀಪಗಳಲ್ಲಿ ಲಸಿಕೆ ಹಾಕಿಸಿಕೊಂಡ ಮಕ್ಕಳ ಪ್ರಮಾಣ ಗುರಿಗಿಂತ ಬಹಳ ಕೆಳಗಿಳಿಯಿತು. ಆಚೆಹ್ ಪ್ರಾಂತದಲ್ಲಂತೂ ತೀರಾ ಕಡಿಮೆ. ಈ ಕಹಿ ನೆನಪು ಎಲ್ಲರಿಗೂ ಇತ್ತು. ಕೊರೋನಕ್ಕೆ ಚೀನಾದ ಸಿನೊವ್ಯಾಕ್ ಲಸಿಕೆ ಬಂದಾಗ ಮಂಡಲಿಯು ಪರಿಶೀಲಿಸಿ 2021ರ ಜನವರಿಯಲ್ಲಿ ಅದು ಪರಿಶುದ್ಧ, ಹಲಾಲ್ ಎಂದಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಮಾರ್ಚ್‌ನಲ್ಲಿ ಆಸ್ಟ್ರಾಝೆನಿಕಾ ಲಸಿಕೆ ಬಂತು. ಅದರ ತಯಾರಿಕೆಯ ಒಂದು ಹಂತದಲ್ಲಿ ಹಂದಿಯಿಂದ ತೆಗೆದ ಟ್ರಿಪ್ಸಿನ್ ಎಂಬ ವಸ್ತು ಬಳಕೆಯಾಗಿದೆ ಎಂದು ಮಂಡಲಿಗೆ ಕಂಡುಬಂತು. ಕಂಪೆನಿಯವರು ತಮ್ಮ ತಯಾರಿಕೆಯಲ್ಲಿ ಪ್ರಾಣಿಜನ್ಯ ವಸ್ತು ಬಳಸಿಲ್ಲವೆಂದು ವಾದಿಸಿದರು.

ಈಗ ಯೋಚಿಸಿರಿ. ಜನ ಸಾಯುತ್ತಿದ್ದಾರೆ. 2018ರಲ್ಲಿ ಒಂದು ಪದ ಏನು ಮಾಡಿತೆಂದು ತಿಳಿದಿದೆ. ಸರಕಾರಕ್ಕೆ ಬೇಕಾದದ್ದು ಹಲಾಲ್ ಎಂಬ ಒಂದೇ ಪದ. ಆಲಿಮರು ಕಂಡುದನ್ನು ಹೇಳಬೇಕೇ, ನುಂಗಬೇಕೇ? ಮಂಡಲಿ ಹೇಳಿತು: ಇದು ಹರಾಮ್; ಆದರೆ ತುರ್ತು ಅಗತ್ಯವಿದೆ, ರೋಗದ ಅಪಾಯದ ಬಗ್ಗೆ ತಜ್ಞರ ಮಾತಿದೆ, ಹಲಾಲ್ ಲಸಿಕೆ ಎಲ್ಲರಿಗೂ ಸಾಲದು, ಸುರಕ್ಷತೆಗೆ ಸರಕಾರ ಹೊಣೆಯಾಗಿದೆ, ಬೇಕಾದ ಲಸಿಕೆಯನ್ನು ಆರಿಸಿಕೊಳ್ಳುವ ಅವಕಾಶ ಸರಕಾರಕ್ಕೂ ಇಲ್ಲ; ಆದುದರಿಂದ ಈಗ ಬಳಸುವುದಕ್ಕೆ ಅನುಮತಿಯಿದೆ, ಈ ಕಾರಣಗಳು ಇಲ್ಲವಾದ ದಿನ ಅನುಮತಿಯೂ ಇಲ್ಲ. ಆದರೆ ಅದೇ ಮಂಡಲಿಯ ಪೂರ್ವ ಜಾವಾ ಶಾಖೆಯವರು ಬೇರೆ ತೀರ್ಮಾನಕ್ಕೆ ಬಂದರು. ಮೂಲ ವಸ್ತು ಪೂರ್ತಿ ರೂಪಾಂತರ ಹೊಂದಿದರೆ ಅದರ ವಿಧಿಯೂ ಬದಲಾಗುತ್ತದೆ, ಅಂದರೆ ಇಸ್ತಿಹಾಲ, ಎಂಬ ಆಧಾರದಲ್ಲಿ ಅದು ಹಲಾಲ್ ಎಂದರು. ನಹ್ದತುಲ್ ಉಲಮಾದ ಫಿಕ್ಹ್ ಚರ್ಚಾ ಮಂಡಲಿಯೂ ಬಳಕೆಗೆ ಅಡ್ಡಿಯಿಲ್ಲವೆಂದಿತು.

ಮುಖ್ಯ ಮಂಡಲಿಯು ಸರಕಾರಕ್ಕೆ ತೊಡಕು ತಂದಿತು, ಬಾಯಿ ಮುಚ್ಚಿಕೊಂಡಿದ್ದರೆ ಇನ್ನಷ್ಟು ಜೀವಗಳು ಉಳಿಯುತ್ತಿದ್ದವು ಎಂದು ಹಲವರು ಆಕ್ಷೇಪಿಸಿದರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು. ಆದರೆ ಇನ್ನೊಂದು ಮುಖವನ್ನೂ ನೋಡಿರಿ. ಜನವರಿಯಲ್ಲಿ ಸಿನೊವ್ಯಾಕ್ ಹಲಾಲ್ ಎಂದಾಗ ಜನ ಅದನ್ನು ಏಕೆ ನಂಬಿದರು? ಹರಾಮ್ ಎನಿಸಿದ ದಿನ ಹರಾಮ್ ಎಂದು ಹೇಳುವ ಬಾಯಿ ಅದು ಎಂದು ತಿಳಿದಿದ್ದುದರಿಂದ. ಯಾವಾಗಲೂ ಹೌದು ಎನ್ನುವ ಮುಫ್ತಿಯ 'ಹೌದು' ಯಾರಿಗೆ ಬೇಕು? ನನಗೆ ವೈಯಕ್ತಿಕವಾಗಿ ಪೂರ್ವ ಜಾವಾದವರ ವಾದವೇ ಹೆಚ್ಚು ಬಲವಾದುದೆಂದು ತೋರುತ್ತದೆ. ಆದರೂ ತಮಗೆ ಸತ್ಯವೆಂದು ಕಂಡುದನ್ನು ಹೇಳಿ, ಅದೇ ಉಸಿರಿನಲ್ಲಿ ಜೀವ ಉಳಿಸುವ ದಾರಿಯನ್ನೂ ತೋರಿಸಿದ ಆ ವಿದ್ವಾಂಸರನ್ನು ಗೌರವಿಸುತ್ತೇನೆ.

ಇವರೆಲ್ಲ ಕುಂದಿಲ್ಲದವರೆಂದು ದಯವಿಟ್ಟು ಭಾವಿಸಬೇಡಿರಿ. ಫತ್ವಾ ಬಂದ ಮೇಲೂ ಎಷ್ಟೋ ಹಳ್ಳಿಗಳಲ್ಲಿ ಜುಮಾ ಎಂದಿನಂತೆ ನಡೆಯಿತು. 2020ರ ಏಪ್ರಿಲ್‌ನಲ್ಲಿ ಸೆಮರಾಂಗ್ ಬಳಿ ಸೋಂಕಿನಿಂದ ತೀರಿಕೊಂಡ ದಾದಿಯೊಬ್ಬರ ದಫನಕ್ಕೆ ಊರವರೇ ಅಡ್ಡಿಪಡಿಸಿದರು. ಅವರೆಲ್ಲ ಧರ್ಮಬೋಧನೆ ಕೇಳಿ ಬೆಳೆದವರೇ ಅಲ್ಲವೇ? ಅದೇ ವರ್ಷ ನವೆಂಬರಿನಲ್ಲಿ ಫ್ರಂಟ್ ಪೆಂಬೆಲಾ ಇಸ್ಲಾಮ್ ಎಂಬ ಸಂಘಟನೆಯ ನಾಯಕರು ವಿದೇಶದಿಂದ ಮರಳಿದಾಗ ಸಾವಿರಾರು ಜನ ಸೇರಿದರು. ಅವರ ಮನೆಯ ಮದುವೆಗೂ ಸೇರಿದರು. ಸರಕಾರವನ್ನು ಅತಿ ಜೋರಾಗಿ ಟೀಕಿಸುತ್ತಿದ್ದವರು ಅವರೇ. ಆದರೆ ಸ್ವತಃ ನಿಯಮ ಮುರಿದವರ ಟೀಕೆಗೆ ತೂಕವೆಲ್ಲಿಂದ ಬರಬೇಕು? ಸರಕಾರಕ್ಕೆ ಅವರನ್ನು ನ್ಯಾಯಾಲಯಕ್ಕೆ ಎಳೆಯಲು ಸುಲಭವಾಯಿತು. ಅತ್ತ ಚುನಾವಣಾ ಪ್ರಚಾರದ ಗುಂಪುಗಳನ್ನು ಕಂಡೂ ಕಾಣದಂತಿದ್ದ ಸರಕಾರದ ನ್ಯಾಯದ ತೂಕವೂ ಇಳಿಯಿತು. ಅದೇ ಡಿಸೆಂಬರಿನಲ್ಲಿ, ಬಡವರಿಗೆ ಹಂಚಬೇಕಾದ ಕೊರೋನ ಆಹಾರದ ಪೊಟ್ಟಣಗಳ ಗುತ್ತಿಗೆಯಲ್ಲಿ ಲಂಚ ಪಡೆದ ಆರೋಪದಲ್ಲಿ ಸಮಾಜ ಕಲ್ಯಾಣ ಮಂತ್ರಿ ಜೂಲಿಯಾರಿ ಬತುಬಾರ ಬಂಧಿತರಾದರು. 2021ರಲ್ಲಿ ಅವರಿಗೆ 12 ವರ್ಷ ಶಿಕ್ಷೆಯಾಯಿತು. ಅನಾಥನನ್ನು ತಳ್ಳುವವನ ಬಗ್ಗೆ ಅಲ್‌ಮಾಊನ್ ಸೂರಾ ಹೇಳುವುದನ್ನು ಎಷ್ಟು ಬಾರಿ ಓದಿದರೂ ಸಾಲದು.

2021ರ ಜುಲೈ ತಿಂಗಳಲ್ಲಿ ಎರಡನೆಯ ದೊಡ್ಡ ಅಲೆ ಜಾವಾವನ್ನು ನುಂಗಿತು. ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತ ದಿನಗಳಿದ್ದವು. ಆಮ್ಲಜನಕಕ್ಕಾಗಿ ಜನ ಸಿಲಿಂಡರ್ ಹೊತ್ತು ಅಲೆದರು. ಒಟ್ಟು ಸರಕಾರಿ ಲೆಕ್ಕದಲ್ಲೇ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ ಆ ನಾಡಿನಲ್ಲಿ ತೀರಿಕೊಂಡರು. ಖುರ್ಬಾನಿಗೆ ತೆಗೆದಿಟ್ಟ ಹಣವನ್ನು ರೋಗದಿಂದ ಕಂಗೆಟ್ಟವರಿಗೆ ಸದಕಾ ಮಾಡುವುದು ಮೇಲೆಂದು ಮುಹಮ್ಮದಿಯಾ 2020ರಲ್ಲೇ ಹೇಳಿತ್ತು. ಅದನ್ನು ಒಪ್ಪಿದವರೂ ಇದ್ದರು, ಸುನ್ನತನ್ನು ಬಿಡಿಸಿದರೆಂದು ಸಿಟ್ಟಾದವರೂ ಇದ್ದರು.

ನಮ್ಮಲ್ಲೂ 2021ರ ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನಿಂದ ಕರಾವಳಿಯವರೆಗೆ ಮುಸ್ಲಿಮ್ ಯುವಕರು ಜಾತಿಮತ ನೋಡದೆ ಹೆಣ ಹೊತ್ತರು, ಸಿಲಿಂಡರ್ ಹೊತ್ತರು. ಆ ಹುಡುಗರ ಸೇವೆಯನ್ನು ಅಲ್ಲಾಹನು ಸ್ವೀಕರಿಸಲಿ. ಆದರೆ ಸೇವೆ ಮಾಡಿದ ಕೈಗಳ ಜೊತೆಗೆ, ಹಾಸಿಗೆ ಏಕಿಲ್ಲ, ಆಮ್ಲಜನಕ ಏಕಿಲ್ಲ ಎಂದು ಗೌರವದಿಂದ, ಲಿಖಿತವಾಗಿ, ಹೆಸರು ಹಾಕಿ ಕೇಳಿದ ಜಮಾಅತ್ ಕಮಿಟಿಗಳು ಎಷ್ಟಿದ್ದವು? ಸುತ್ತೋಲೆ ಬಂದಾಗ ಅದನ್ನು ಸ್ವೀಕರಿಸಿ ಸಹಿ ಹಾಕಿದ ನಾವು, ಅದೇ ಕಾಗದದ ಹಿಂಬದಿಯಲ್ಲಿ ನಮ್ಮ ಓಣಿಯ ಕಷ್ಟವನ್ನು ಬರೆದು ಕಳುಹಿಸಿದೆವೇ? ನಾವು ಅಲ್ಪಸಂಖ್ಯಾತರು, ನಮ್ಮ ಮಾತು ತಪ್ಪಾಗಿ ತಿಳಿಯಲ್ಪಡುತ್ತದೆ ಎಂಬ ಭಯ ಇತ್ತೆಂಬುದನ್ನು ಬಲ್ಲೆ. ಆದರೆ ಬಹುಸಂಖ್ಯಾತರಾಗಿದ್ದ ಇಂಡೋನೇಶ್ಯದವರ ಮಾತನ್ನೂ ಯಾರೂ ಕೇಳಲಿಲ್ಲವಲ್ಲ.

ಆ ತಾಯಿಯ ವಿಷಯ ಬಾಕಿ ಉಳಿದಿದೆ. ಅವರ ಯಜಮಾನರಿಗೆ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗಬೇಕಿತ್ತು. ಓಣಿ ಸೀಲ್‌ಡೌನ್ ಆಗಿತ್ತು, ವಾಹನಕ್ಕೆ ಪಾಸ್ ಸಿಕ್ಕಿರಲಿಲ್ಲ, ಯಾರನ್ನು ಕೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ. ಎರಡು ಸರದಿ ತಪ್ಪಿತು. ಮೂರನೆಯ ಸರದಿಗೆ ಪಕ್ಕದ ಮನೆಯ ಹಿಂದೂ ಸಹೋದರರೊಬ್ಬರು, ತಾವೇ ಠಾಣೆಗೆ ಹೋಗಿ ಮಾತಾಡಿ, ತಮ್ಮ ಆಟೋದಲ್ಲಿ ಅವರನ್ನು ಕರೆದೊಯ್ದರು. ನಮ್ಮ ಜಮಾಅತಿನಲ್ಲಿ ಆಗ ಕನ್ನಡದಲ್ಲಿ ಅಚ್ಚುಕಟ್ಟಾಗಿ ಒಂದು ಅರ್ಜಿ ಬರೆಯಬಲ್ಲವನು ನಾನಿದ್ದೆ. ಕನ್ನಡದಲ್ಲಿ ಬಿ.ಎ. ಮಾಡಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದವನು. ಆ ದಿನ ಮನೆಗೆ ಹೋಗಿ ಮರುದಿನ ಓದಬೇಕಾದ ಸುತ್ತೋಲೆಯನ್ನು ಎರಡು ಬಾರಿ ಓದಿಕೊಂಡೆ, ಉಚ್ಚಾರ ತಪ್ಪದಿರಲೆಂದು. ಅರ್ಜಿ ಬರೆಯಲಿಲ್ಲ.